ಭಯಾನಕ ನಾಟಕವೂ ನಮ್ಮೂರ ರಂಗವೂ

ಸುಗ್ಗಿ ಮುಗಿದು ಕಣದ ರಾಶಿಯು ಮನೆಯನ್ನು ಸೇರಿತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ನಾಟಕದ ಕಾಲವು ಬಂದಿತೆಂದೇ ತಿಳಿಯತಕ್ಕದ್ದು. ಜಾತ್ರೆಯಿಲ್ಲದ ಊರಿಲ್ಲ, ನಾಟಕವಿಲ್ಲದ ಜಾತ್ರೆಯೂ ಬಹು ವಿರಳ. ಹಗಲು ತೇರಿನ ಹಗ್ಗವನ್ನು ಹಿಡಿದ ಕೈಗಳೇ ರಾತ್ರಿ ಪರದೆಯ ಹಗ್ಗವನ್ನು ಹಿಡಿಯುವವು. ಊರವರು ಪಟ್ಟಿ ಹಾಕಿ ಕೂಡಿಸಿದ ಹಣದಿಂದ ಸೀನುಗಳು ಬಾಡಿಗೆಗೆ ಬರುವವು; ಹಾರ್ಮೋನಿಯಂ ಮಾಸ್ತರರು ಬರುವರು; ಸ್ತ್ರೀಪಾತ್ರಗಳಿಗೆಂದು ಹೊರಗಿನಿಂದ ನಟಿಯರು ಬರುವರು. ಉಳಿದವರೆಲ್ಲರೂ ನಮ್ಮವರೇ: ಒಕ್ಕಲುತನ ಮಾಡುವವರು, ಕಿರಾಣಿ ಅಂಗಡಿಯವರು, ಕಾಲೇಜಿನ ಸೂಟಿಗೆ ಊರಿಗೆ ಬಂದ ಹುಡುಗರು.

ಈ ತಂಡಗಳವರು ಆಡುವ ನಾಟಕಗಳು ಬಹುಶಃ ಒಂದೇ ಅಚ್ಚಿನವು. ಆಸ್ತಿಯ ಪಾಲಿಗಾಗಿ ಬಡಿದಾಡುವ ಅಣ್ಣತಮ್ಮಂದಿರು, ಅತ್ತೆಯಿಂದ ನೊಂದ ಸೊಸೆ, ಮೀಸೆ ತಿರುವುವ ದುಷ್ಟ ಗೌಡ, ನಡುನಡುವೆ ಹಾಸ್ಯದ ಜೋಡಿ. ಇವುಗಳನ್ನು ಹಳಿಯುವ ಉದ್ದೇಶವು ನಮಗಿಲ್ಲ. ಅಳಿಸುವದೂ ನಗಿಸುವದೂ ಸಣ್ಣ ಕೆಲಸವಲ್ಲ. ಆದರೆ ಈಚೆಗೆ ಕೆಲವು ತರುಣರ ಮನಸ್ಸು ಬೇರೊಂದು ಕಡೆಗೆ ತಿರುಗಿದೆ. ಪಾಳುಬಿದ್ದ ಅರಮನೆ, ಕೊಲೆಯಾದ ಅರಸು, ನಡುರಾತ್ರಿ ಆರಿಹೋಗುವ ದೀಪ, ಮಾತನಾಡುವ ಗೋಡೆಗಳು ಇಂಥ ಹಳೆಯ ಕಾಲದ ಭಯಂಕರ ಕಥೆಯೊಂದನ್ನು ರಂಗಕ್ಕೆ ತರಬೇಕೆಂದು ಅವರು ಬಯಸುತ್ತಿದ್ದಾರೆ. ಸಂಸ್ಕೃತ ಬಲ್ಲ ಮುದಿ ಮಾಸ್ತರರೆಂದು ನಮ್ಮ ಅಭಿಪ್ರಾಯವನ್ನೂ ಕೇಳಿದ್ದುಂಟು. ಮಕ್ಕಳ ಉತ್ಸಾಹಕ್ಕೆ ಹಣವನ್ನೂ ಅಪ್ಪಣೆಯನ್ನೂ ಕೊಡಬೇಕಾದವರು ಮನೆಯ ಹಿರಿಯರಾದ್ದರಿಂದ, ಅವರಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಪಾಶ್ಚಾತ್ಯರು ಈ ಬಗೆಯ ಕಥೆಗಳಿಗೆ ‘ಗಾಥಿಕ್’ ಎಂಬ ಹೆಸರನ್ನಿಟ್ಟಿದ್ದಾರೆ. ಇಂಗ್ಲಂಡದ ಹೊರೇಸ್ ವಾಲ್ಪೋಲನು 1764ರ ಕೊನೆಗೆ ಪ್ರಕಟಿಸಿದ ‘ಒಟ್ರಾಂಟೋದ ಕೋಟೆ’ ಎಂಬ ಕಾದಂಬರಿಯೇ ಇವುಗಳ ಮೂಲವೆಂದು ಎಣಿಕೆ. ಅದರ ಆರಂಭದಲ್ಲಿಯೇ ಮದುವೆಯ ದಿವಸ ಮದುಮಗನ ಮೇಲೆ ಪ್ರಚಂಡವಾದ ಶಿರಸ್ತ್ರಾಣವೊಂದು ಬಿದ್ದು ಅವನು ಅಪ್ಪಚ್ಚಿಯಾಗುವನು. ಓದುವವರಿಗೆ ಇದು ಹುಚ್ಚು ಕಲ್ಪನೆಯೆಂದು ತೋರೀತು. ಆದರೆ ಮುಂದೆ ಓದಿದಂತೆ ತಿಳಿಯುವದೇನೆಂದರೆ, ಆ ಮದುಮಗನ ವಂಶದ ಹಿರಿಯನೊಬ್ಬನು ನಿಜವಾದ ಒಡೆಯನಿಗೆ ವಿಷವಿಕ್ಕಿ ಕೋಟೆಯನ್ನು ಲಪಟಾಯಿಸಿದ್ದನು. ಆ ಪಾಪವೇ ಮೊಮ್ಮಕ್ಕಳ ತಲೆಯ ಮೇಲೆ ಬಿದ್ದುದು. ಕೋಟೆ, ಕತ್ತಲೆ, ಪ್ರೇತ ಇವೆಲ್ಲ ಹೊರಗಿನ ಅಲಂಕಾರ. ಒಳಗಿನ ತಿರುಳು ಮಾತ್ರ ಮುಚ್ಚಿಟ್ಟ ಅಪರಾಧ.

ಇದು ನಮ್ಮವರಿಗೆ ಹೊಸದೆಂದು ಯಾರೂ ತಿಳಿಯಬಾರದು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಯಾನಕ ರಸಕ್ಕೆ ಕಾರಣಗಳನ್ನು ಎಣಿಸುವಾಗ ವಿಕಾರವಾದ ಧ್ವನಿ, ಭೂತಪ್ರೇತಗಳ ದರ್ಶನ, ನರಿ ಗೂಗೆಗಳ ಕೂಗು, ಬರಿದಾದ ಮನೆಯನ್ನೂ ಅಡವಿಯನ್ನೂ ಹೊಗುವದು, ತನ್ನವರ ವಧೆಯನ್ನು ಕಾಣುವದು ಅಥವಾ ಕೇಳುವದು ಇವುಗಳನ್ನೆಲ್ಲ ಹೇಳಿದ್ದಾನೆ. ವಾಲ್ಪೋಲನ ಕೋಟೆಗೆ ಬೇಕಾದ ಸಾಮಾನುಗಳ ಯಾದಿಯು ಇಲ್ಲಿಯೇ ಇದ್ದಂತಾಯಿತಲ್ಲವೇ? ಇನ್ನು ಪ್ರಯೋಗವನ್ನು ನೋಡಬೇಕೆಂದರೆ 8ನೆಯ ಶತಮಾನದ ಭವಭೂತಿಯ ‘ಮಾಲತೀಮಾಧವ’ದ ಐದನೆಯ ಅಂಕವಿದೆ. ನಿರಾಶನಾದ ಮಾಧವನು ಪಿಶಾಚಗಳಿಗೆ ನರಮಾಂಸವನ್ನು ಮಾರುವೆನೆಂದು ಸ್ಮಶಾನದಲ್ಲಿ ಅಲೆಯುವನು. ಅಷ್ಟರಲ್ಲಿ ಕರಾಲೆಯ ಗುಡಿಯಿಂದ ಗುರುತಿನ ದನಿಯೊಂದು ಆರ್ತವಾಗಿ ಕೇಳಿಬರುವದು. ಓಡಿಹೋಗಿ ನೋಡಿದರೆ ಅಘೋರಘಂಟನೆಂಬ ಕಾಪಾಲಿಕನು ಮಾಲತಿಯನ್ನೇ ಬಲಿಗೊಡಲು ಸಿದ್ಧನಾಗಿದ್ದಾನೆ! ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು 19ನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದರು. ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆವು. ಭವಭೂತಿಯ ನಾಟಕಗಳು ಆಡಲ್ಪಟ್ಟದ್ದು ಕಾಲಪ್ರಿಯನಾಥನ ಜಾತ್ರೆಯಲ್ಲಿ ಎಂದು ಅವುಗಳ ಪ್ರಸ್ತಾವನೆಯೇ ಸಾರುತ್ತದೆ. ‘ಜಾತ್ರೆಯ ಜನರಿಗೆ ಇಂಥ ನಾಟಕ ಹಿಡಿಸಲಾರದು’ ಎನ್ನುವ ನಮ್ಮ ಪಂಚರು ಇದನ್ನು ಲಕ್ಷಿಸಬೇಕು.

ಭರತನು ಇನ್ನೂ ಒಂದು ಸೂಕ್ಷ್ಮವನ್ನು ಹೇಳಿದ್ದಾನೆ. ನಮ್ಮ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಭಯಾನಕವು ಮೂರು ತೆರ. ಕಪಟದಿಂದ ನಟಿಸಿದ ಭಯ ಒಂದು. ತಾನು ಮಾಡಿದ ಅಪರಾಧದಿಂದ ಹುಟ್ಟಿದ ಭಯ ಎರಡನೆಯದು. ಹೊರಗಿನಿಂದ ಹೆದರಿಸಿದ್ದರಿಂದ ಆದ ಭಯ ಮೂರನೆಯದು. ನಮ್ಮ ಹುಡುಗರ ಲಕ್ಷ್ಯವೆಲ್ಲ ಈ ಮೂರನೆಯದರ ಮೇಲೆಯೇ. ಹೊಗೆ ಬಿಡುವ ಯಂತ್ರ, ಕೆಂಪು ಹಸಿರು ದೀಪಗಳು, ಧ್ವನಿವರ್ಧಕದಲ್ಲಿ ಸಿಡಿಲಿನ ಶಬ್ದ, ಬಿಳಿಯ ಸೀರೆ ಸುತ್ತಿಕೊಂಡ ಪ್ರೇತ. ಇವುಗಳಿಂದ ಮುಂದಿನ ಸಾಲಿನ ಕೂಸುಗಳು ಒಮ್ಮೆ ಚೀರುವವು. ಎರಡನೆಯ ಸಲ ನಗುವವು. ನಮ್ಮ ದೊಡ್ಡಾಟದಲ್ಲಿ ರಾಕ್ಷಸನ ಪ್ರವೇಶಕ್ಕೆ ದೀವಟಿಗೆಯ ಮೇಲೆ ರಾಳವನ್ನೆರಚಿ ಉರಿ ಎಬ್ಬಿಸುವ ಪದ್ಧತಿಯಿದೆ. ಅದು ಚೆಂದ, ಆದರೆ ಅದು ರೌದ್ರ. ರಾಕ್ಷಸನನ್ನು ನೋಡಿ ಜನ ಸಿಳ್ಳು ಹಾಕುವರು, ಅಂಜುವದಿಲ್ಲ.

ಒಂದು ಊರಿನಲ್ಲಿ ನಾವು ಕಂಡ ಪ್ರಸಂಗವನ್ನು ಹೇಳಿದರೆ ವಾಚಕರಿಗೆ ಮನೋರಂಜನೆಯೂ ಆದೀತು. ಸತ್ತ ತಂದೆಯು ಪ್ರೇತವಾಗಿ ಬಂದು ಮಗನ ಮುಂದೆ ನಿಂತಿದ್ದಾನೆ. ಹಾರ್ಮೋನಿಯಂ ಮಾಸ್ತರರು ಮಂದ್ರದ ಸ್ವರವೊಂದನ್ನು ಹಿಡಿದು ಕುಳಿತಿದ್ದಾರೆ. ನಮ್ಮ ಮೈಯಲ್ಲಿಯೂ ಸ್ವಲ್ಪ ನವಿರೆದ್ದಿತ್ತೆಂದೇ ಹೇಳಬೇಕು. ಅಷ್ಟರಲ್ಲಿ ಪ್ರೇತದ ಬೀಗರು ಮಾಲೆ, ಟವೆಲು, ನೋಟುಗಳ ಸಹಿತ ರಂಗವನ್ನೇರಿದರು. ಆಯೇರಿ ಮಾಡಿದವರ ಹೆಸರು, ಊರು, ಹಣದ ಮೊತ್ತ ಎಲ್ಲವೂ ಧ್ವನಿವರ್ಧಕದಲ್ಲಿ ಘೋಷಿಸಲ್ಪಟ್ಟವು. ಪ್ರೇತವು ಕೈ ಮುಗಿದು, ಕೊರಳಲ್ಲಿಯ ಮಾಲೆಯನ್ನು ಸರಿಪಡಿಸಿಕೊಂಡು, ತನ್ನ ಕೊಲೆಯ ವೃತ್ತಾಂತವನ್ನು ಮುಂದುವರಿಸಿತು! ಆಯೇರಿಯು ಪ್ರೀತಿಯ ಪದ್ಧತಿಯೇ ಸರಿ. ಆದರೆ ಭಯಾನಕ ನಾಟಕದ ರಾತ್ರಿ ಅದನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳುವದೆಂದು ಪಂಚರು ಮೊದಲೇ ಗೊತ್ತುಪಡಿಸಿದರೆ ಲೇಸು.

ಇರಲಿ. ಅಪರಾಧದಿಂದ ಹುಟ್ಟುವ ಎರಡನೆಯ ಬಗೆಯ ಭಯಕ್ಕೆ ಯಂತ್ರಗಳು ಬೇಕಿಲ್ಲ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಡಿ.ವಿ.ಜಿ.ಯವರು ಕನ್ನಡಿಸಿದ್ದಾರೆ. ಅದರಲ್ಲಿ ಗಂಡನಿಂದ ಅರಸನ ಕೊಲೆಯನ್ನು ಮಾಡಿಸಿದ ಹೆಂಗಸು ನಿದ್ದೆಗಣ್ಣಿನಲ್ಲಿಯೇ ಎದ್ದು ಬಂದು ಕೈಗಳನ್ನು ತೊಳೆಯುತ್ತಾಳೆ, ತಿಕ್ಕುತ್ತಾಳೆ, ಮತ್ತೆ ತೊಳೆಯುತ್ತಾಳೆ. ಅಲ್ಲಿ ಪ್ರೇತವಿಲ್ಲ, ಸಿಡಿಲಿಲ್ಲ. ಒಂದು ದೀಪ, ಎರಡು ಕೈಗಳು, ಮರೆಯಲ್ಲಿ ನಿಂತು ನೋಡುವ ಇಬ್ಬರು. ಜಗತ್ತಿನ ರಂಗದಲ್ಲಿ ಇದಕ್ಕಿಂತ ಭಯಂಕರವಾದ ದೃಶ್ಯವು ನಮಗೆ ತಿಳಿಯದು. ಇದೇ ಕಥೆಯನ್ನು ಎಚ್. ಎಸ್. ಶಿವಪ್ರಕಾಶರು ನಮ್ಮ ಪಾಳೆಯಗಾರರ ಕಾಲಕ್ಕೆ ಒಗ್ಗಿಸಿ ‘ಮಾರನಾಯಕ’ವೆಂದು ಬರೆದರು. ಮೈಸೂರಿನ ಕಾರಾಗೃಹದ ಬಂದಿಗಳು ಹುಲುಗಪ್ಪ ಕಟ್ಟೀಮನಿಯವರ ನಿರ್ದೇಶನದಲ್ಲಿ ಅದನ್ನು ಆಡಿದ್ದಾರೆ. ಶಿಕ್ಷೆಯನ್ನು ಅನುಭವಿಸುತ್ತಿರುವ ಮನುಷ್ಯನು ರಂಗದ ಮೇಲೆ ನಿಂತು ಕೊಲೆಗಾರನ ಪಶ್ಚಾತ್ತಾಪದ ಮಾತುಗಳನ್ನು ಆಡುವಾಗ ಆ ಸಭೆಯು ಹೇಗೆ ಕುಳಿತಿದ್ದಿತೋ! ಅಪರಾಧದ ಭಯವೆಂದರೆ ಏನೆಂಬದನ್ನು ಇದಕ್ಕಿಂತ ಚೆನ್ನಾಗಿ ತಿಳಿಸಲು ನಮ್ಮಿಂದಾಗದು.

ಹಾಗಾದರೆ ನಮ್ಮ ತರುಣರು ಯಾವ ನಾಟಕವನ್ನು ಆಡಬೇಕು? ನಾವು ಹೇಳಿದ್ದು ಕುವೆಂಪುರವರ ‘ರಕ್ತಾಕ್ಷಿ’. ಇದು 1932ರ ಕೃತಿ. ‘ಹ್ಯಾಮ್ಲೆಟ್’ ನಾಟಕವನ್ನು ಕವಿಗಳು ಬಿದನೂರಿನ ಅರಮನೆಗೆ ತಂದು ನೆಡಿಸಿದ್ದಾರೆ. ಡೆನ್ಮಾರ್ಕಿನ ರಾಜಪುತ್ರನು ಇಲ್ಲಿ ಬಸವಯ್ಯನಾಗಿದ್ದಾನೆ. ಸಿಂಹಾಸನಕ್ಕೆ ಕಣ್ಣಿಟ್ಟ ಪಾಪಿಯು ನಿಂಬಯ್ಯ. ಕಾಲ, ದೇಶ, ಹೆಸರುಗಳೆಲ್ಲ ನಮ್ಮವಾದ್ದರಿಂದ ಪ್ರೇಕ್ಷಕರು ಒಂದು ಪರದೇಶದ ಕಥೆಯನ್ನು ಕೇಳುತ್ತಿದ್ದೇವೆಂದು ದೂರ ಕುಳ್ಳಿರಲು ಆಸ್ಪದವೇ ಇಲ್ಲ.

ಅದರಲ್ಲಿಯೂ ನಮ್ಮ ನಾಲ್ಕು ತಾಲೂಕಿನವರಿಗೆ ಬಿದನೂರು ದೂರದ ಮಾತಲ್ಲ. ಇಂದು ಶಿವಮೊಗ್ಗ ಜಿಲ್ಲೆಯಲ್ಲಿ ನಗರವೆಂದು ಕರೆಯಲ್ಪಡುವ ಆ ರಾಜಧಾನಿಯನ್ನು ಹೈದರನು 1763ರಲ್ಲಿ ಹಿಡಿದನು. ಅಲ್ಲಿಂದ ಅವನ ದಂಡು ಉತ್ತರಕ್ಕೆ ತಿರುಗಿತು. ಸವಣೂರಿನ ನವಾಬನು ತಲೆಬಾಗಬೇಕಾಯಿತು. 1764ರಲ್ಲಿ ಪೇಶವೆ ಮಾಧವರಾಯನು ಹೈದರನನ್ನು ಸೋಲಿಸಿದ್ದು ನಮ್ಮ ರಟ್ಟೀಹಳ್ಳಿಯ ಬಳಿಯಲ್ಲಿಯೇ. ಬಹುಕಾಲ ಹಿರೇಕೆರೂರ ತಾಲೂಕಿಗೆ ಸೇರಿದ್ದ ರಟ್ಟೀಹಳ್ಳಿಯ ಹೊಲಗಳಲ್ಲಿ ಇಂದು ಗೋವಿನಜೋಳ ಬೆಳೆಯುವ ಒಕ್ಕಲಿಗನು ಬಿದನೂರಿನ ಪತನದ ಬೂದಿಯ ಮೇಲೆಯೇ ನಿಂತಿದ್ದಾನೆಂದರೆ ಉತ್ಪ್ರೇಕ್ಷೆಯಾಗಲಾರದು. ಲಂಡನ್ನಿನಲ್ಲಿ ವಾಲ್ಪೋಲನು ಕೋಟೆಯ ಕಥೆಯನ್ನು ಅಚ್ಚು ಹಾಕಿಸಿದ್ದು ಇದೇ 1764ರಲ್ಲಿ. ಕಾಕತಾಳೀಯವೇ ಸರಿ, ಆದರೂ ಮನಸ್ಸಿಗೆ ಹಿಡಿಸುವ ಕಾಕತಾಳೀಯ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಿದನೂರಿನ ರಾಣಿ ವೀರಮ್ಮಾಜಿಯು ನಿಂಬಯ್ಯನೊಡನೆ ಕೂಡಿ ದತ್ತುಪುತ್ರನನ್ನು ಕೊಲ್ಲಿಸಿದಳೆಂಬ ಅಪವಾದವು ಹಳೆಯ ಬರಹಗಳಲ್ಲಿ ಕಾಣುತ್ತದೆ. ರಾಜ್ಯವನ್ನು ಕಳೆದುಕೊಂಡವರ ಮೇಲೆ ಅಪವಾದಗಳು ಬೇಗನೆ ಅಂಟುವವೆಂಬದನ್ನೂ ಅವು ಹೆಣ್ಣಾದರೆ ಇನ್ನೂ ಬೇಗ ಅಂಟುವವೆಂಬದನ್ನೂ ಮರೆಯಬಾರದು. ಹೈದರನ ಸೆರೆಯಾಗಿ ಮಧುಗಿರಿಯ ಬೆಟ್ಟದಲ್ಲಿದ್ದ ಆಕೆಯನ್ನು 1767ರಲ್ಲಿ ಮರಾಠರು ಬಿಡಿಸಿದರು. ಪುಣೆಗೆ ಹೋಗುವ ದಾರಿಯಲ್ಲಿಯೇ ಆಕೆ ತೀರಿಕೊಂಡಳು. ನಾಟಕದ ರಾಣಿಯು ಕವಿಯ ಸೃಷ್ಟಿ. ಆಟಕ್ಕೆ ಮೊದಲು ಸೂತ್ರಧಾರನು ಇದನ್ನು ಎರಡು ಮಾತಿನಲ್ಲಿ ತಿಳಿಸಿದರೆ ರಸಕ್ಕೆ ಹಾನಿಯಿಲ್ಲ, ಸತ್ತವಳಿಗೆ ನ್ಯಾಯವೂ ಸಲ್ಲುತ್ತದೆ. ಇನ್ನೊಂದು, ಕುವೆಂಪುರವರು 1994ರಲ್ಲಿ ದಿವಂಗತರಾದ್ದರಿಂದ ಅವರ ಕೃತಿಗಳ ಹಕ್ಕು ಇನ್ನೂ ಜೀವಂತವಾಗಿದೆ. ಹಕ್ಕುಳ್ಳವರ ಅನುಮತಿಯನ್ನು ಕಾಗದದ ಮೂಲಕ ಪಡೆದೇ ಆಡತಕ್ಕದ್ದು.

ರಂಗದ ಏರ್ಪಾಡಿನ ಬಗ್ಗೆ ನಾವು ಹೇಳಿದ್ದು ಸ್ವಲ್ಪವೇ. ದೀಪಗಳನ್ನು ಕಡಿಮೆ ಮಾಡಿರಿ. ಒಂದು ಕಂದೀಲು ರಂಗದಲ್ಲಿ ನಡೆದಾಡಿದರೆ ಅದರ ಹಿಂದಿನ ಕತ್ತಲೆಯೂ ನಡೆದಾಡುವದು. ಹತ್ತು ಬಣ್ಣದ ದೀಪಗಳಿಂದ ಈ ಕೆಲಸವಾಗದು. ಗೂಗೆಯ ಕೂಗನ್ನು ಯಂತ್ರದಿಂದ ತರಬೇಡಿರಿ. ಬಾಯಿಯಿಂದಲೇ ಕೂಗಬಲ್ಲ ಹುಡುಗರು ಪ್ರತಿ ಊರಲ್ಲಿದ್ದಾರೆ, ಅವರಲ್ಲೊಬ್ಬನನ್ನು ಸಭೆಯ ಹಿಂದಿನ ಹುಣಸೆಮರದ ಕೆಳಗೆ ನಿಲ್ಲಿಸಿರಿ. ಕೊಲೆಯನ್ನು ಮರೆಯಲ್ಲಿಡುವದು ಉತ್ತಮ. ವಧೆಯನ್ನು ರಂಗದಲ್ಲಿ ತೋರಿಸಬಾರದೆಂದು ಧನಂಜಯನು ‘ದಶರೂಪಕ’ದಲ್ಲಿ ನಿಷೇಧಿಸಿದ್ದು ಬರಿಯ ಮಡಿವಂತಿಕೆಯಲ್ಲ, ಕಾಣದ ಕತ್ತಿಯು ಕಂಡ ಕತ್ತಿಗಿಂತ ಹರಿತ. ಇನ್ನು ಪ್ರೇತದ ಮಾತು. ಪ್ರೇತವು ಇರುವದು ಬಿಳಿಯ ಬಟ್ಟೆಯಲ್ಲಲ್ಲ, ಅದನ್ನು ಕಂಡವನ ಮುಖದಲ್ಲಿ. ಕೈಕಾಲುಗಳ ನಡುಕ, ಅರಳಿದ ಕಣ್ಣು, ಬಿಳಿಚಿದ ಮುಖ, ಒಡೆದ ದನಿ ಇವು ಭರತನು ಹೇಳಿದ ಅನುಭಾವಗಳು. ಇವು ಸರಿಯಾಗಿ ಬಂದರೆ ಪ್ರೇತವನ್ನು ರಂಗಕ್ಕೆ ಕರೆತರುವ ಅವಶ್ಯಕತೆಯೇ ಇಲ್ಲ. ಬರಿದಾದ ಬಾಗಿಲನ್ನು ಒಬ್ಬನು ನೆಟ್ಟ ನೋಟದಿಂದ ನೋಡುತ್ತ ನಿಂತರೆ ಸಾವಿರ ಜನರು ಅದೇ ಬಾಗಿಲನ್ನು ನೋಡುವರು. ಮಕ್ಕಳನ್ನು ಕರೆದೊಯ್ಯಬಹುದೇ ಎಂದು ಕೇಳುವ ತಾಯಂದಿರಿಗೆ ನಮ್ಮ ಉತ್ತರವಿಷ್ಟೇ: ಎಂಟು ಹತ್ತು ವರುಷದ ಮೇಲಿನವರನ್ನು ಕರೆದೊಯ್ಯಿರಿ, ಮಗ್ಗುಲಲ್ಲಿ ಕುಳ್ಳಿರಿಸಿಕೊಳ್ಳಿರಿ.

‘ಇದೆಲ್ಲ ಪಟ್ಟಣದವರಿಗೆ ಸರಿ, ನಮ್ಮ ಹಳ್ಳಿಗರ ಕೈಯಲ್ಲಿ ಆಗುವದೇ?’ ಎಂದು ಕೇಳುವವರಿದ್ದಾರೆ. ಕನ್ನಡ ರಂಗಭೂಮಿಗೆ ಆದ್ಯರಲ್ಲಿ ಒಬ್ಬರಾದ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು (1856–1920), ಹಿರೇಕೆರೂರ ಸೀಮೆಯ ಸಾತೇನಹಳ್ಳಿಯವರು. ಆ ಊರ ಶಾಂತೇಶ ದೇವರ ಹೆಸರನ್ನೇ ಕಾವ್ಯನಾಮವಾಗಿ ಧರಿಸಿದರು. ಮರಾಠಿ ನಾಟಕಗಳೇ ಮೆರೆಯುತ್ತಿದ್ದ ದಿನಗಳಲ್ಲಿ ಅವರು ಗದಗಿನಲ್ಲಿ ಕನ್ನಡ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಅವರು ಶ್ರೀಮಂತರಾಗಿರಲಿಲ್ಲ, ಸಾಲೆಯ ಮಾಸ್ತರರಾಗಿದ್ದರು. (ಈ ಮಾತನ್ನು ಬರೆಯುವಾಗ ನಮಗೆ ಸ್ವಲ್ಪ ಅಭಿಮಾನವಾಗುವದು ಸಹಜ.) ಗಾನಯೋಗಿ ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಅವರ ಪರಂಪರೆಯವರೂ ನಾಟಕ ಸಂಘವನ್ನು ನಡೆಯಿಸಿದರು. ಇನ್ನು ಈ ಕಾಲದ ಉದಾಹರಣೆ ಬೇಕೆಂದರೆ ಅದೇ ತಾಲೂಕಿನ ಶೇಷಗಿರಿಯನ್ನು ನೋಡಿರಿ. ಒಂದು ಚಿಕ್ಕ ಹಳ್ಳಿಯ ಹವ್ಯಾಸಿಗಳು ತಮ್ಮ ಊರಿಗೆ ರಂಗಮಂದಿರವನ್ನು ಪಡೆದು, ಹೊಸ ಬಗೆಯ ನಾಟಕಗಳನ್ನು ಆಡಿ, ‘ಶೇಷಗಿರಿ ಕಲಾತಂಡ’ವೆಂದರೆ ನಾಡಿನ ರಂಗಪ್ರಿಯರಿಗೆ ಗುರುತು ಸಿಗುವಂತೆ ಮಾಡಿದ್ದಾರೆ. ಆದುದರಿಂದ ಹಳ್ಳಿಯೆಂಬದು ನೆವವಾಗಲಾರದು.

ನಿಜವಾದ ತೊಡಕು ಬೇರೆಡೆಯಲ್ಲಿದೆ. ‘ರಕ್ತಾಕ್ಷಿ’ಯ ಜೀವವು ರುದ್ರಾಂಬೆ. ಷೇಕ್ಸ್‌ಪಿಯರನ ಒಫೀಲಿಯಾ ಹುಚ್ಚಿಯಾಗಿ ನೀರಿನ ಪಾಲಾಗುವಳು. ಕುವೆಂಪುರವರ ರುದ್ರಾಂಬೆ ಹಾಗೆ ಕರಗಿಹೋಗುವವಳಲ್ಲ. ದುಃಖವು ಅವಳಲ್ಲಿ ಸೇಡಾಗಿ ಉರಿಯುವದು, ನಾಟಕಕ್ಕೆ ಹೆಸರು ಬಂದದ್ದೂ ಅವಳಿಂದಲೇ. ಹೊರಗಿನಿಂದ ಬರುವ ನಟಿಯರು ಜಾತ್ರೆಯ ದಿವಸ ಮಧ್ಯಾಹ್ನ ಬಂದು, ರಾತ್ರಿ ಆಡಿ, ಬೆಳಗಿನ ಬಸ್ಸಿಗೆ ಮುಂದಿನ ಊರಿಗೆ ಹೋಗತಕ್ಕವರು. ಅವರ ಶ್ರಮವೂ ಸ್ಮರಣಶಕ್ತಿಯೂ ಪ್ರಶಂಸನೀಯವಾದವು. ಆದರೆ ಎರಡು ತಿಂಗಳ ತಾಲೀಮಿಲ್ಲದೆ ರುದ್ರಾಂಬೆಯು ಯಾರ ಮೈಮೇಲೂ ಬರುವವಳಲ್ಲ. ಅಂದ ಮೇಲೆ ಆ ಪಾತ್ರವನ್ನು ಊರ ಮಗಳೇ ಮಾಡಬೇಕು.

ನಮ್ಮನ್ನು ಕೇಳಿದ ತಂಡದವರ ಊರಲ್ಲಿ ಅಂಥ ಮಗಳೊಬ್ಬಳಿದ್ದಳು, ಬಿ.ಎ. ಮುಗಿಸಿದವಳು, ಶುದ್ಧವಾದ ಉಚ್ಚಾರವುಳ್ಳವಳು, ತಾನೇ ಮುಂದೆ ಬಂದವಳು. ತಂದೆಯು ‘ನಮ್ಮವ್ವನ್ನ ಕೇಳ್ರಿ’ ಎಂದು ಜಾರಿಕೊಂಡನು. ಅಜ್ಜಿಯು ನಮ್ಮನ್ನು ಪಡಸಾಲೆಯಲ್ಲಿ ಕುಳ್ಳಿರಿಸಿ, ಚಹಾ ಕೊಡಿಸಿ, ಆಮೇಲೆ ಅಂದಳು:

“ಮಾಸ್ತರ್ರ, ನೀವು ಸಾಲಿ ಕಲಿಸಿದವರು. ನಿಮ್ಮ ಮಾತ ಮೀರಬಾರದು ಖರೆ. ಆದರ ಬಣ್ಣಾ ಹಚ್ಚಿದ ಹುಡಿಗಿನ್ನ ನಾಳೆ ನೋಡಾಕ ಬಂದವರು ಏನಂತಾರ್ರೀ?”

ಈ ಪ್ರಶ್ನೆಗೆ ಉತ್ತರವು ಶಾಸ್ತ್ರದಲ್ಲಿಲ್ಲ. ಆಕೆಯ ಅಂಜಿಕೆಯು ಸುಳ್ಳೂ ಅಲ್ಲ. ಅಂಥ ಮಾತನಾಡುವ ಬೀಗರನ್ನು ನಾವೂ ಕಂಡಿದ್ದೇವೆ. ನಾವು ವಾದಕ್ಕೆ ಹೋಗಲಿಲ್ಲ. “ತಾಯೀ, ಒಂದು ದಿವಸ ತಾಲೀಮಿಗೆ ಬಂದು ನೋಡಿರಿ, ಆಮೇಲೆ ನೀವು ಹೇಳಿದಂತೆಯೇ ಆಗಲಿ” ಎಂದೆವು. ಆಕೆ ಬಂದಳು. ಸೆರಗನ್ನು ಹೊದ್ದು, ಗೋಡೆಗೆ ಆತು ಕುಳಿತು, ರುದ್ರಾಂಬೆಯ ಉನ್ಮಾದದ ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಮೊಮ್ಮಗಳು ಚೆನ್ನಾಗಿ ಅತ್ತಳು; ತರುಣರ ಕಣ್ಣುಗಳೂ ತೇವವಾದವು. ಅಜ್ಜಿ ಮಾತ್ರ ಏನೂ ಹೇಳದೆ ಎದ್ದು ಹೋದಳು. ಮರುದಿನ ಬೆಳಿಗ್ಗೆ ನಾವು ಕಟ್ಟೆಯ ಮೇಲೆ ಕುಳಿತಿದ್ದಾಗ ಹಾಲಿನ ಚರಿಗೆ ಹಿಡಿದು ಹೋಗುತ್ತಿದ್ದವಳು ನಿಂತಳು.

“ಆಕಿಗೆ ಅನ್ಯಾಯ ಆಗೇತ್ರೀ ಮಾಸ್ತರ್ರ. ಅನ್ಯಾಯ ಆದಾಕಿ ಹಂಗ ಅಳಂಗಿಲ್ಲ. ಕಣ್ಣಾಗ ನೀರ ಇರಬಾರದು ಆಕೀಗೆ. ಸುಮ್ಮನ ನಿಂತು ನೋಡಬೇಕು, ನೋಡಿದರ ಅಂವಗ ಎದಿ ಒಡೀಬೇಕು. ನಮ್ಮ ಹುಡಿಗಿಗೆ ಅದನ್ನ ಹೇಳಿಕೊಡ್ರಿ.”

ಅಪರ್ಣೆಯಂತೆ ತಪಸ್ಸು ಮಾಡಿ ನಾಟ್ಯಶಾಸ್ತ್ರವನ್ನು ಓದಿದ ನಮಗೂ ಹೊಳೆಯದಿದ್ದ ಮಾತದು. ಅಂದು ಸಂಜೆಯೇ ಹುಡುಗಿಯ ಅಳುವನ್ನು ತೆಗೆದುಹಾಕಿದೆವು. ಈಗ ಅವಳು ಕಂದೀಲನ್ನು ಹಿಡಿದು ನಿಂಬಯ್ಯನ ಎದುರಿಗೆ ಬಂದು ಸುಮ್ಮನೆ ನಿಲ್ಲುತ್ತಾಳೆ. ನಿಂಬಯ್ಯನ ಪಾತ್ರದ ಹುಡುಗನು, ಹಗಲು ಟ್ರ್ಯಾಕ್ಟರ್ ಓಡಿಸುವ ಗಟ್ಟಿಗನು, ತನ್ನ ಮಾತುಗಳನ್ನು ನಿಜವಾಗಿಯೂ ಮರೆಯುತ್ತಾನೆ.

ಅಜ್ಜಿಯ ಕರಾರುಗಳು ಮೂರು. ತಾಲೀಮು ತಮ್ಮ ಮನೆಯ ಪಡಸಾಲೆಯಲ್ಲಿಯೇ ಆಗಬೇಕು. ರಾತ್ರಿ ಹತ್ತಕ್ಕೆ ಮುಗಿಯಬೇಕು. ರಂಗದ ಮೇಲೆ ಯಾರೂ ನೋಟು ಹಿಡಿದುಕೊಂಡು ಬಂದು ಮೊಮ್ಮಗಳ ಮುಂದೆ ನಿಲ್ಲಕೂಡದು. ಪಂಚರು ಮೊದಲಿನ ಎರಡಕ್ಕೆ ಒಪ್ಪಿದ್ದಾರೆ. ಮೂರನೆಯದರ ಬಗ್ಗೆ ಮಾತುಕತೆ ನಡೆದಿದೆ.